ಹತ್ತು ಕಾಳಿನ ಲೆಕ್ಕ, ಮೂವತ್ತು ವರ್ಷದ ಮಳೆ

ಹಿಂಗಾರಿ ಬಿತ್ತಿಗೆ ಮುಂಚೆ ಅಣ್ಣಿಗೇರಿ, ನವಲಗುಂದದ ಕಡೆ ಬೀಜ ಮನೆಯಲ್ಲೇ ಪರೀಕ್ಷೆಗೆ ಕೂರುತ್ತದೆ. ಚೀಲದಿಂದ ಹಿಡಿ ಕಡಲೆ ತೆಗೆದು, ಹತ್ತು ಕಾಳು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಮೂಲೆಗಿಡುತ್ತಾರೆ. ಕೆಲವು ದಿನ ಬಿಟ್ಟು ಬಿಚ್ಚಿದಾಗ ಏಳು ಮೊಳೆತಿವೆ, ಮೂರು ಹಾಗೇ ಇವೆ ಎಂದುಕೊಳ್ಳಿ. ಪಿಯುಸಿ ಓದುವ ಮಗ, "ಎಪ್ಪಾ, ಎಪ್ಪತ್ತ ಪರ್ಸೆಂಟ್ ಬಂತು, ಬೀಜ ಬರೋಬ್ಬರಿ ಇಲ್ಲ" ಅನ್ನುತ್ತಾನೆ. ಅಪ್ಪ, "ಹತ್ತ ಕಾಳ ನೋಡಿ ಚೀಲದ ಹಣೆಬರಾ ಹೇಳ್ತಿ ಏನೋ ತಮ್ಮಾ? ಇನ್ನಷ್ಟ ಹಾಕಿ ನೋಡು" ಅನ್ನುತ್ತಾನೆ.

ಸಂಭವನೀಯತೆಯ ಮೊದಲ ಪಾಠ ಈ ಎರಡು ಮಾತುಗಳ ನಡುವೆಯೇ ಇದೆ. ಆದರೆ ತರಗತಿಯಲ್ಲಿ ಅದು ನಾಣ್ಯ, ದಾಳ, ಇಸ್ಪೀಟು ಎಲೆಗಳ ರೂಪದಲ್ಲಿ ಬರುತ್ತದೆ. ದ್ವಿಪದ ವಿತರಣೆಗೆ ಒಂದು ಸೂತ್ರ, ಪ್ರಸಾಮಾನ್ಯ ವಿತರಣೆಗೆ ಒಂದು ಕೋಷ್ಟಕ ಸಿಗುತ್ತದೆ. ಅವನ್ನು ಹೊಲಕ್ಕೆ ತಂದಾಗ ಕೆಲವು ಕಡೆ ಲೆಕ್ಕ ಚೊಕ್ಕ ಬರುತ್ತದೆ, ಕೆಲವು ಕಡೆ ಪೂರಾ ಕೈಕೊಡುತ್ತದೆ. ಯಾವುದಕ್ಕೆ ಈ ಲೆಕ್ಕ ಹಚ್ಚಬೇಕು, ಯಾವುದಕ್ಕೆ ಹಚ್ಚಬಾರದು? ಮುನ್ನೂರು ವರ್ಷಗಳಿಂದ ಪಂಡಿತರು ಇದನ್ನು ಚರ್ಚಿಸಿದ್ದಾರೆ. ಮಳೆ ನಂಬಿ ಬದುಕುವ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಹತ್ತು ಕಾಳು, ನಾನೂರು ಕಾಳು

ಮೊದಲು ಮಗನ ಲೆಕ್ಕ ನೋಡೋಣ. ದೃಢೀಕರಿಸಿದ ಕಡಲೆ ಬೀಜದಲ್ಲಿ ಕನಿಷ್ಠ 85% ಮೊಳಕೆ ಇರಬೇಕೆಂಬುದು ದೇಶದ ಬೀಜ ಗುಣಮಟ್ಟದ ನಿಯಮ. ಚೀಲ ಆ ಮಟ್ಟದ್ದೇ ಎಂದು ಹಿಡಿಯೋಣ. ಹಾಗಿದ್ದರೂ ಹತ್ತು ಕಾಳಿನಲ್ಲಿ ಏಳೋ ಅದಕ್ಕೂ ಕಡಿಮೆಯೋ ಮೊಳೆಯುವ ಸಂಭವ ಎಷ್ಟು?

ದ್ವಿಪದ ಸೂತ್ರ ಹಚ್ಚುವ ಮುಂಚೆ ನಾಲ್ಕು ಮಾತು ಕೇಳಬೇಕು. ಯತ್ನಗಳ ಸಂಖ್ಯೆ ಮೊದಲೇ ಗೊತ್ತಿದೆಯೇ? ಹೌದು, ಹತ್ತು. ಪ್ರತಿ ಯತ್ನಕ್ಕೆ ಎರಡೇ ಫಲಿತಾಂಶವೇ? ಹೌದು, ಮೊಳೆಯುತ್ತದೆ ಇಲ್ಲವೇ ಮೊಳೆಯುವುದಿಲ್ಲ. ಎಲ್ಲ ಕಾಳಿಗೂ ಸಂಭವ ಒಂದೇ ಇದೆಯೇ? ಚೀಲ ಚೆನ್ನಾಗಿ ಕಲಸಿ ತೆಗೆದಿದ್ದರೆ ಹೌದು. ಒಂದು ಕಾಳು ಮೊಳೆತದ್ದು ಇನ್ನೊಂದರ ಮೇಲೆ ಪರಿಣಾಮ ಮಾಡುತ್ತದೆಯೇ? ಬೂಸಲು ಹಿಡಿದು ಹರಡದಿದ್ದರೆ ಇಲ್ಲ. ನಾಲ್ಕಕ್ಕೂ ಸರಿಯಾದ ಉತ್ತರ ಬಂದ ಮೇಲೆ ಉಳಿದದ್ದು ಬರೀ ಗುಣಾಕಾರ. ಹತ್ತೂ ಮೊಳೆಯುವ ಸಂಭವ 0.85ರ ಹತ್ತನೇ ಘಾತ, ಅಂದರೆ 0.197. ಒಂಬತ್ತು ಮೊಳೆಯುವುದು 0.347. ಎಂಟು ಮೊಳೆಯುವುದು 45 × 0.15² × 0.85⁸, ಅಂದರೆ 0.276. ಮೂರನ್ನೂ ಕೂಡಿದರೆ 0.820. ಏಳೋ ಅದಕ್ಕಿಂತ ಕಡಿಮೆಯೋ ಬರುವ ಸಂಭವ ಉಳಿದ 0.18. ಒಳ್ಳೆಯ ಬೀಜದ ಚೀಲವೂ ಸುಮಾರು ಐದೂವರೆ ಸಲಕ್ಕೊಮ್ಮೆ ಹತ್ತು ಕಾಳಿನ ಪರೀಕ್ಷೆಯಲ್ಲಿ ಇಂಥ ಫಲ ಕೊಡುತ್ತದೆ. ಅಪ್ಪನ ಅನುಮಾನಕ್ಕೆ ಆಧಾರವಿತ್ತು.

ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ನಾನೂರು ಕಾಳು ಇಡುತ್ತಾರೆ. ಅಲ್ಲಿ ಒಂದೊಂದೇ ಪದ ಬಿಡಿಸಿ ಕೂಡುವುದು ಕೈಯಿಂದಾಗದ ಕೆಲಸ. ಈ ಹಂತದಲ್ಲಿ ಪ್ರಸಾಮಾನ್ಯ ವಿತರಣೆಯ ಗಂಟೆಯಾಕಾರದ ಗೆರೆ ನೆರವಿಗೆ ಬರುತ್ತದೆ. ನಿರೀಕ್ಷಿತ ಸರಾಸರಿ 400 × 0.85 = 340. ಮಾನಕ ವಿಚಲನೆ 400 × 0.85 × 0.15ರ ವರ್ಗಮೂಲ, ಅಂದರೆ 7.14. 330 ಅಥವಾ ಅದಕ್ಕಿಂತ ಕಡಿಮೆ ಕಾಳು ಮೊಳೆಯುವ ಸಂಭವ ಬೇಕೆಂದರೆ, ಕಾಳು ಇಡಿಯಾಗಿ ಎಣಿಕೆಗೆ ಸಿಗುತ್ತದೆ, ಗೆರೆ ಮಾತ್ರ ಕಡಿಯದೆ ಸಾಗುತ್ತದೆ ಎಂಬುದನ್ನು ನೆನೆದು ಅರ್ಧ ಸೇರಿಸಿ 330.5 ಹಿಡಿಯಬೇಕು. ಅದು ಸರಾಸರಿಗಿಂತ 1.33 ವಿಚಲನೆ ಕೆಳಗಿದೆ. ಕೋಷ್ಟಕದಲ್ಲಿ ಸಿಗುವ ಉತ್ತರ 0.09. ನಾನೂರರಲ್ಲಿ 280, ಅಂದರೆ ಮಗ ಹೇಳಿದ ಎಪ್ಪತ್ತು ಪರ್ಸೆಂಟೇ ಬಂದರೆ? ಅದು ಎಂಟು ವಿಚಲನೆಗೂ ಕೆಳಗೆ. ಆಗ ಚೀಲ ಕೆಟ್ಟದ್ದೆಂದು ಧೈರ್ಯವಾಗಿ ಹೇಳಬಹುದು. ಶೇಕಡಾವಾರು ಅದೇ ಇದ್ದರೂ ಹತ್ತು ಕಾಳಿನಲ್ಲಿ ಅದು ಅನುಮಾನ, ನಾನೂರರಲ್ಲಿ ತೀರ್ಪು.

ಮಾನ್ಯಖೇಟದಿಂದ ಲಂಡನ್ನಿಗೆ

ಮೇಲಿನ ಲೆಕ್ಕದಲ್ಲಿ 45 ಎಲ್ಲಿಂದ ಬಂತು? ಹತ್ತರಲ್ಲಿ ಎರಡನ್ನು ಆರಿಸುವ ಬಗೆಗಳು 45. ಈ ಆಯ್ಕೆಯ ಲೆಕ್ಕ ನಮ್ಮ ನಾಡಿಗೆ ಹಳೆಯದು. ಛಂದಸ್ಸಿನಲ್ಲಿ ಗುರು-ಲಘುಗಳ ಪ್ರಸ್ತಾರ ಎಣಿಸುವಾಗ ಪಿಂಗಳನ ಪರಂಪರೆ ಇದೇ ದಾರಿ ಹಿಡಿದಿತ್ತು. ಹತ್ತನೆಯ ಶತಮಾನದ ಹಲಾಯುಧನು ವಿವರಿಸಿದ ಮೇರು ಪ್ರಸ್ತಾರದಲ್ಲಿ ಇಂದಿನ ದ್ವಿಪದ ಗುಣಾಂಕಗಳೇ ಸಾಲಾಗಿ ನಿಂತಿವೆ. ಅದಕ್ಕೂ ಮುಂಚೆ, ಸುಮಾರು ಕ್ರಿ.ಶ. 850ರಲ್ಲಿ, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಆಯ್ಕೆಗಳ ಸಂಖ್ಯೆಗೆ ಒಂದು ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದ. ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸುವ ನಿಯಮ ಅದು. ಇಂದಿನ ಪಿಯುಸಿ ಪುಸ್ತಕದಲ್ಲಿರುವುದೂ ಅದೇ.

ಎಣಿಕೆ ಇಲ್ಲಿತ್ತು, ಅದನ್ನು ಸಂಭವಕ್ಕೆ ಜೋಡಿಸಿದ್ದು ಯುರೋಪು. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಪಣ ಹಂಚುವ ಸಮಸ್ಯೆಯ ಬಗ್ಗೆ ಪತ್ರ ಬರೆದುಕೊಂಡರು. ಯಾಕೋಬ್ ಬರ್ನೂಲಿ ತೀರಿಹೋಗಿ ಎಂಟು ವರ್ಷದ ಮೇಲೆ, 1713ರಲ್ಲಿ, ಅವನ ಗ್ರಂಥ ಅಚ್ಚಾಯಿತು. ಯತ್ನಗಳು ಹೆಚ್ಚಿದಂತೆ ಕಂಡ ಪ್ರಮಾಣ ನಿಜದ ಪ್ರಮಾಣಕ್ಕೆ ಹತ್ತಿರವಾಗುತ್ತದೆ ಎಂದು ಅವನು ಸಾಧಿಸಿದ್ದ. "ಇನ್ನಷ್ಟ ಹಾಕಿ ನೋಡು" ಎಂಬ ಮಾತಿಗೆ ಗಣಿತದ ರುಜುವಾತು ಅದು. ಫ್ರಾನ್ಸ್ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ಡಿ ಮಾವ್ರ್ 1733ರಲ್ಲಿ, ಯತ್ನಗಳು ಬಹಳವಾದಾಗ ದ್ವಿಪದದ ಮೆಟ್ಟಿಲುಗಳು ಒಂದು ನುಣುಪಾದ ಗೆರೆಗೆ ಹೊಂದುತ್ತವೆಂದು ತೋರಿಸಿದ. ನಮ್ಮ ಗಂಟೆ ಹುಟ್ಟಿದ್ದು ಹಾಗೆ, ಎಣಿಕೆಯ ಭಾರ ಇಳಿಸುವ ಉಪಾಯವಾಗಿ. 1809ರಲ್ಲಿ ಗೌಸ್ ಅದನ್ನು ಖಗೋಳ ಅಳತೆಯ ತಪ್ಪುಗಳಿಗೆ ಹಚ್ಚಿದ. ಕೆಟ್ಲೆ ಎಂಬ ಬೆಲ್ಜಿಯಂ ವಿದ್ವಾಂಸ ಸೈನಿಕರ ಎದೆಯ ಸುತ್ತಳತೆಯಲ್ಲೂ ಅದನ್ನೇ ಕಂಡ. ಲೆಕ್ಕದ ಅನುಕೂಲಕ್ಕೆ ಬಂದ ಗೆರೆ ಕ್ರಮೇಣ ಪ್ರಕೃತಿಯ ಕಟ್ಟಳೆ ಎನಿಸಿಕೊಂಡಿತು. ಇಂದಿನ ಜಗಳಗಳ ಬೇರು ಇಲ್ಲಿದೆ.

ಸಂಭವ ಎಂದರೇನು: ಮೂರು ಪಂಥ

'0.7 ಸಂಭವ' ಎಂದಾಗ ನಾವು ಏನು ಹೇಳುತ್ತಿದ್ದೇವೆ? ಮೂರು ಉತ್ತರಗಳಿವೆ.

ಮೊದಲನೆಯದು ಸಮಾನ ಸಾಧ್ಯತೆಯ ಪಂಥ. ಎಲ್ಲ ಫಲಿತಾಂಶಗಳೂ ಸಮಾನವಾಗಿದ್ದರೆ ಬೇಕಾದವನ್ನು ಎಣಿಸಿ ಒಟ್ಟಿನಿಂದ ಭಾಗಿಸು ಎನ್ನುತ್ತದೆ ಅದು. ದಾಳಕ್ಕೆ, ಚೀಟಿ ಎತ್ತುವುದಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಮಳೆ ಬರುವುದು, ಬಾರದಿರುವುದು ಎರಡೇ ಸಾಧ್ಯತೆ ಎಂದು ತಲಾ ಅರ್ಧ ಹಂಚಿದರೆ ಯಾವ ರೈತನೂ ಒಪ್ಪಲಾರ.

ಎರಡನೆಯದು ಆವರ್ತನ ಪಂಥ. ಒಂದೇ ಬಗೆಯ ಪರಿಸ್ಥಿತಿ ಬಹಳ ಸಲ ಬಂದಾಗ ಎಷ್ಟು ಪಾಲು ಹಾಗಾಯಿತೋ ಅದೇ ಸಂಭವ. ಹವಾಮಾನ ಇಲಾಖೆಯ 'ವಾಡಿಕೆ ಮಳೆ' ಇದೇ ಯೋಚನೆಯಿಂದ ಬಂದದ್ದು; ಹಲವು ದಶಕಗಳ ದಾಖಲೆಯ ಸರಾಸರಿ ಅದು. ನಮ್ಮ ಹಿರಿಯರ ಮಳೆ ನಕ್ಷತ್ರಗಳ ಮಾತೂ ಆವರ್ತನದ್ದೇ. "ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ" ಎನ್ನುವುದು ತಲೆಮಾರುಗಳ ಎಣಿಕೆ ಗಾದೆಯಾಗಿ ಗಟ್ಟಿಯಾದದ್ದು. ಆದರೆ ಈ ವರ್ಷದ ಹಸ್ತ ಮಳೆ ಒಮ್ಮೆಯೇ ಬರುವುದು. ಒಂದೇ ಸಲದ ಸಂಗತಿಗೆ ಆವರ್ತನ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಈ ಪಂಥ ತಡವರಿಸುತ್ತದೆ.

ಮೂರನೆಯದು ನಂಬಿಕೆಯ ಪಂಥ. ತಿಳಿದಷ್ಟರ ಮೇಲೆ ಇಡುವ ಭರವಸೆಯ ತೂಕವೇ ಸಂಭವ. ಹೊಸ ಸುದ್ದಿ ಬಂದಾಗ ಅದನ್ನು ತಿದ್ದಿಕೊಳ್ಳಬೇಕು. 1763ರಲ್ಲಿ ಪ್ರಕಟವಾದ ಬೇಯ್ಸ್‌ನ ಲೇಖನದಿಂದ ಇಪ್ಪತ್ತನೆಯ ಶತಮಾನದ ಡಿ ಫಿನೆಟ್ಟಿವರೆಗೆ ಇದರ ದಾರಿ ಸಾಗುತ್ತದೆ. ಗಾಳಿಯ ದಿಕ್ಕು, ಎರೆ ಹೊಲದ ಹಸಿ, ಮೊಬೈಲಿಗೆ ಬಂದ ಮುನ್ಸೂಚನೆ ಮೂರನ್ನೂ ಕೂಡಿಸಿ ಕೂರಿಗೆ ಹೂಡುವ ರೈತ ಮಾಡುವುದು ಇದನ್ನೇ. ಒಬ್ಬೊಬ್ಬರ ನಂಬಿಕೆ ಒಂದೊಂದಾದರೆ ಅಳತೆಗೋಲು ಎಲ್ಲಿ ಎಂಬುದು ಇದರ ಮೇಲಿನ ಆಕ್ಷೇಪ. 1950ರಲ್ಲಿ ಬ್ರಯರ್ ಎಂಬ ಹವಾಮಾನ ತಜ್ಞ, ಹೇಳಿದ ಸಂಭವಗಳನ್ನು ಆಮೇಲೆ ನಡೆದದ್ದರ ಜೊತೆ ಹೋಲಿಸಿ ಅಂಕ ಕೊಡುವ ವಿಧಾನ ಸೂಚಿಸಿ ಈ ಆಕ್ಷೇಪವನ್ನು ಒಂದಿಷ್ಟು ತಗ್ಗಿಸಿದ.

1933ರಲ್ಲಿ ಕೊಲ್ಮೊಗೊರೊವ್ ಮೂರೂ ಪಂಥಗಳು ಒಪ್ಪುವ ಲೆಕ್ಕದ ಸ್ವತಃಸಿದ್ಧಗಳನ್ನು ಬರೆದ. ಅಂದಿನಿಂದ ಕೂಡುವುದು, ಗುಣಿಸುವುದರ ಬಗ್ಗೆ ತಕರಾರಿಲ್ಲ. ಅರ್ಥದ ತಕರಾರು ಹಾಗೇ ಉಳಿದಿದೆ.

ಮಳೆ ನಾಣ್ಯದ ಮಾತು ಕೇಳುತ್ತದೆಯೇ?

ಈಗ ಬೀಜಕ್ಕೆ ಕೇಳಿದ ನಾಲ್ಕು ಪ್ರಶ್ನೆಗಳನ್ನೇ ಮಳೆಗೆ ಕೇಳೋಣ. ಒಂದು ಊರಲ್ಲಿ ಹತ್ತು ವರ್ಷಕ್ಕೆ ಏಳು ಸಲ ಹಿಂಗಾರಿ ಬಿತ್ತಿಗೆ ಸಾಕಾಗುವಷ್ಟು ಮಳೆಯಾಗುತ್ತದೆ ಎಂದು ಉದಾಹರಣೆಗೆ ಹಿಡಿಯೋಣ. ಮುಂದಿನ ಐದು ವರ್ಷಗಳಲ್ಲಿ ಎರಡು ಸಲವಾದರೂ ಮಳೆ ಕೈಕೊಡುವ ಸಂಭವ ಎಷ್ಟು? ಒಮ್ಮೆಯೂ ಕೈಕೊಡದಿರುವುದು 0.168, ಒಮ್ಮೆ ಮಾತ್ರ ಕೈಕೊಡುವುದು 0.360, ಒಂದರಿಂದ ಕಳೆದರೆ 0.472. "ಹತ್ತಕ್ಕೆ ಏಳು" ಎಂದರೆ ನೆಮ್ಮದಿ ಅನ್ನಿಸುತ್ತದೆ. ಐದು ವರ್ಷದ ಸಾಲದ ಕಂತಿಗೆ ಅದನ್ನೇ ಇಟ್ಟು ನೋಡಿದರೆ ಹೆಚ್ಚುಕಡಿಮೆ ಸಮಸಮ ಪಣ. ಮಕ್ಕಳಿಗೆ ಈ ಒಂದು ಲೆಕ್ಕ ಹೇಳಿಕೊಟ್ಟರೂ ದ್ವಿಪದ ಸೂತ್ರ ಸಾರ್ಥಕ ಎಂದು ನನ್ನ ನಂಬಿಕೆ.

ಆದರೆ ನಾಲ್ಕನೆಯ ಪ್ರಶ್ನೆ, ಒಂದರ ಫಲ ಇನ್ನೊಂದನ್ನು ಮುಟ್ಟುತ್ತದೆಯೇ ಎಂಬುದು, ಇಲ್ಲಿ ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ. ಒಂದು ವರ್ಷದ ಮಳೆಗೂ ಮರುವರ್ಷದ ಮಳೆಗೂ ನಂಟು ದುರ್ಬಲ. ಆದ್ದರಿಂದ ವರ್ಷಗಳ ಮಟ್ಟಿಗೆ ದ್ವಿಪದ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ ಎಂದು ಒಂದು ಪಂಥ ವಾದಿಸುತ್ತದೆ. ಇನ್ನೊಂದು ಪಂಥ 2001ರಿಂದ 2003ರವರೆಗೆ ಕರ್ನಾಟಕ ಸಾಲಾಗಿ ಮೂರು ವರ್ಷ ಬರ ಉಂಡದ್ದನ್ನು ತೋರಿಸುತ್ತದೆ. ದಿನಗಳ ಮಟ್ಟಕ್ಕೆ ಇಳಿದರೆ ವಾದಕ್ಕೆ ಜಾಗವೇ ಇಲ್ಲ. ಮಳೆ ಹಿಡಿದರೆ ಹಿಡಿದುಕೊಂಡೇ ಇರುತ್ತದೆ, ಬಿಟ್ಟರೆ ಬಿಟ್ಟೇ ಬಿಡುತ್ತದೆ. ಅದಕ್ಕೆಂದೇ 1962ರಲ್ಲಿ ಗೇಬ್ರಿಯಲ್ ಮತ್ತು ನ್ಯೂಮನ್ ಟೆಲ್ ಅವೀವ್ ಮಳೆಗೆ ಮಾರ್ಕೊವ್ ಸರಪಳಿ ಹಚ್ಚಿದರು. ನಿನ್ನೆ ಮಳೆಯಾಗಿದ್ದರೆ ಇವತ್ತಿನ ಸಂಭವ ಒಂದು, ಆಗಿರದಿದ್ದರೆ ಬೇರೊಂದು. ನಮ್ಮ ಕೃಷಿ ಹವಾಮಾನ ಶಾಸ್ತ್ರಜ್ಞರೂ ವಾರವಾರದ ಮಳೆಗೆ ಇದನ್ನೇ ಬಳಸುತ್ತಾರೆ.

ಜಾಗದ ಮಟ್ಟಿಗೆ ದ್ವಿಪದ ಪೂರಾ ಮುರಿದು ಬೀಳುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಪ್ರತಿ ತಾಲ್ಲೂಕಿಗೂ ಬರದ ಸಂಭವ 0.3, ಒಂದಕ್ಕೊಂದು ಸಂಬಂಧವಿಲ್ಲ ಎಂದು ಹಿಡಿದರೆ ನಿರೀಕ್ಷೆ ಸುಮಾರು 71 ತಾಲ್ಲೂಕು, ಮಾನಕ ವಿಚಲನೆ 7. ಆಗ 223 ಎಂಬುದು ಇಪ್ಪತ್ತೊಂದು ವಿಚಲನೆಗೂ ಆಚೆ, ಸೃಷ್ಟಿ ಮುಗಿಯುವವರೆಗೂ ನಡೆಯಬಾರದ ಸಂಗತಿ. ಆದರೂ ಅದು ನಮ್ಮ ಕಣ್ಣೆದುರೇ ನಡೆಯಿತು. ನವಲಗುಂದ, ಕುಂದಗೋಳ, ಕಲಘಟಗಿ ಮೂರು ಬೇರೆ ನಾಣ್ಯಗಳಲ್ಲ. ಒಂದೇ ಮುಂಗಾರಿನ ಕೈಯಲ್ಲಿರುವ ಕಾಳುಗಳು.

ಗಂಟೆಯ ಆಕಾರ ಎಲ್ಲಿದೆ, ಎಲ್ಲಿಲ್ಲ

ಇಂಗ್ಲಿಷಿನಲ್ಲಿ ವಾಡಿಕೆಯ ಮಳೆಗೂ ಗಂಟೆಯಾಕಾರದ ವಿತರಣೆಗೂ 'ನಾರ್ಮಲ್' ಎಂಬ ಒಂದೇ ಮಾತು. ಕನ್ನಡ ಇಲ್ಲಿ ಹೆಚ್ಚು ಜಾಣ: ಒಂದು 'ವಾಡಿಕೆ', ಇನ್ನೊಂದು 'ಪ್ರಸಾಮಾನ್ಯ'. ಈ ಬೇರ್ಪಾಟನ್ನು ನಾವು ಬಿಡಬಾರದು. ವಾಡಿಕೆ ಮಳೆ ಬರೀ ಸರಾಸರಿ. ಅದರ ಸುತ್ತ ವರ್ಷಗಳು ಗಂಟೆಯಾಕಾರದಲ್ಲಿ ಹರಡಿವೆ ಎಂಬುದು ಬೇರೆಯೇ ಹೇಳಿಕೆ, ಅದನ್ನು ಪರೀಕ್ಷಿಸಿಯೇ ಒಪ್ಪಬೇಕು.

ಎರೆ ಹೊಲದ ಒಂದು ಊರಲ್ಲಿ ಹುಬ್ಬಿ ಮಳೆ ನಾಲ್ಕು ವರ್ಷ 40 ಮಿ.ಮೀ. ಬಂದು, ಐದನೆಯ ವರ್ಷ 240 ಮಿ.ಮೀ. ಸುರಿಯಿತು ಎಂದುಕೊಳ್ಳಿ. ಸರಾಸರಿ 80. ಐದರಲ್ಲಿ ನಾಲ್ಕು ವರ್ಷ ಆ ಸರಾಸರಿಯ ಅರ್ಧ ಮಾತ್ರ. ಇಂಥ ವಿತರಣೆಗೆ ಎಡಕ್ಕೆ ಸೊನ್ನೆಯ ಗೋಡೆ, ಬಲಕ್ಕೆ ಉದ್ದ ಬಾಲ. ಆದ್ದರಿಂದ ಒಂದು ಊರಿನ, ಒಂದು ವಾರದ ಅಥವಾ ಒಂದು ನಕ್ಷತ್ರದ ಮಳೆಗೆ ಶಾಸ್ತ್ರಜ್ಞರು ಗಂಟೆ ಬಿಟ್ಟು ಗಾಮಾ ವಿತರಣೆ ಹಿಡಿಯುತ್ತಾರೆ. 1993ರಿಂದ ಬಳಕೆಯಲ್ಲಿರುವ ಬರದ ಸೂಚ್ಯಂಕ ಕೂಡ ಗಾಮಾದಿಂದ ಹೊರಟು ಕೊನೆಗೆ ಗಂಟೆಯ ಅಳತೆಗೆ ಬದಲಾಗುತ್ತದೆ.

ಗಂಟೆಯ ಪಕ್ಷದವರಿಗೂ ಆಧಾರವಿದೆ. ಬಹಳ ಊರು, ಬಹಳ ದಿನಗಳನ್ನು ಕೂಡಿಸಿದಷ್ಟೂ ಆಕಾರ ಗಂಟೆಗೆ ಹತ್ತಿರವಾಗುತ್ತದೆ. ಇಡೀ ದೇಶದ ಮುಂಗಾರಿನ ದೀರ್ಘಾವಧಿ ಸರಾಸರಿ 87 ಸೆಂ.ಮೀ., ಮಾನಕ ವಿಚಲನೆ ಅದರ ಸುಮಾರು 10%. ಗಂಟೆಯನ್ನೇ ನಂಬಿದರೆ 19% ಅಥವಾ ಹೆಚ್ಚಿನ ಕೊರತೆ ನೂರರಲ್ಲಿ ಮೂರು ವರ್ಷ ಬರಬೇಕು, 1971ರಿಂದ 2010ರವರೆಗಿನ ನಲವತ್ತು ವರ್ಷಗಳಲ್ಲಿ ಒಂದು ಸಲ. ಬಂದದ್ದು ಐದು ಸಲ: 1972, 1979, 1987, 2002, 2009. ಇದರಲ್ಲಿ ನಾಲ್ಕು ಎಲ್ ನಿನೊ ವರ್ಷಗಳು. ನಲವತ್ತು ವರ್ಷಗಳ ಕಿಟಕಿಯನ್ನು ಎಲ್ಲಿ ಇಡುತ್ತೇವೆ ಎಂಬುದರಿಂದಲೂ ಎಣಿಕೆ ಬದಲಾಗುತ್ತದೆ, ಇದನ್ನು ಮರೆಯುವಂತಿಲ್ಲ. ಆದರೂ ಅಂಚಿನ ಕೆಟ್ಟ ವರ್ಷಗಳಿಗೆ ಗಂಟೆ ಕೊಡುವ ಭರವಸೆಯನ್ನು ಅನುಮಾನಿಸಲು ಇಷ್ಟು ಸಾಕು.

2009 ಇನ್ನೊಂದು ಪಾಠ ಹೇಳಿತು. ದೇಶಕ್ಕೆ ಅದು ದೊಡ್ಡ ಬರದ ವರ್ಷ. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. ದೇಶದ ಗಂಟೆ ಬೆಣ್ಣಿಹಳ್ಳದ ದಂಡೆಯವರಿಗೆ ಏನೂ ಹೇಳುವುದಿಲ್ಲ.

ನಾಲ್ಕು ತುಂಡು, ಒಂದು ಪಂಚಾಯ್ತಿ

ಈ ಚರ್ಚೆ ರೈತನ ಖಾತೆಗೆ ತಟ್ಟುವುದು ಬೆಳೆ ವಿಮೆಯಲ್ಲಿ. ಇಲ್ಲೂ ಎರಡು ಪಂಥ. 1920ರಲ್ಲಿ ಮೈಸೂರು ಸಂಸ್ಥಾನದ ಜೆ.ಎಸ್. ಚಕ್ರವರ್ತಿ, ಬೆಳೆಯ ಬದಲು ಮಳೆಯನ್ನೇ ಅಳೆದು ಪರಿಹಾರ ಕೊಡುವ ಯೋಜನೆ ಬರೆದರು. ಆ ಯೋಚನೆ ಹವಾಮಾನ ಆಧಾರಿತ ವಿಮೆಯಾಗಿ 2007ರಲ್ಲಿ ಕರ್ನಾಟಕದಲ್ಲೇ ಪ್ರಯೋಗಕ್ಕೆ ಬಂತು. ಇನ್ನೊಂದು ಪಂಥ ವಿ.ಎಂ. ದಾಂಡೇಕರರು ಪ್ರತಿಪಾದಿಸಿದ್ದು: ಒಂದು ಪ್ರದೇಶದ ಇಳುವರಿ ಅಳೆದು ಅಲ್ಲಿನ ಎಲ್ಲರಿಗೂ ಒಂದೇ ತೀರ್ಮಾನ ಅನ್ವಯಿಸಬೇಕು. 2016ರ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಈ ದಾರಿಯದು. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯೇ ಘಟಕ. ಪಂಚಾಯ್ತಿಗೆ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ.

ನಾಲ್ಕು ಸಾಕೇ? ಒಂದು ಪಂಚಾಯ್ತಿಯಲ್ಲಿ ಹೊಲದಿಂದ ಹೊಲಕ್ಕೆ ಕಡಲೆ ಇಳುವರಿಯ ಮಾನಕ ವಿಚಲನೆ ಎಕರೆಗೆ 2 ಕ್ವಿಂಟಲ್ ಎಂದು ಹಿಡಿಯೋಣ. ನಾಲ್ಕು ತುಂಡುಗಳ ಸರಾಸರಿಯ ವಿಚಲನೆ 2 ಭಾಗ √4, ಅಂದರೆ 1 ಕ್ವಿಂಟಲ್. ಪರಿಹಾರದ ಗಡಿ 4 ಕ್ವಿಂಟಲ್, ಊರಿನ ನಿಜವಾದ ಇಳುವರಿ 3.5 ಆಗಿದ್ದರೆ ಪರಿಹಾರ ಬರಲೇಬೇಕು. ಆದರೂ ಅಳತೆ 4 ದಾಟುವ ಸಂಭವ 0.31. ಮೂರರಲ್ಲಿ ಒಂದು ಸಲ ನ್ಯಾಯ ತಪ್ಪುತ್ತದೆ, ಯಾರೂ ಮೋಸ ಮಾಡದಿದ್ದರೂ. ಹದಿನಾರು ತುಂಡು ಕತ್ತರಿಸಿದರೆ ಅದು 0.16ಕ್ಕೆ ಇಳಿಯುತ್ತದೆ. ತಪ್ಪನ್ನು ಅರ್ಧಕ್ಕೆ ಇಳಿಸಲು ಕೆಲಸ ನಾಲ್ಕು ಪಟ್ಟು. ಮಳೆ ಅಳೆಯುವ ದಾರಿಯಲ್ಲಿ ಈ ಖರ್ಚಿಲ್ಲ; ಆದರೆ ಪಂಚಾಯ್ತಿಯ ಮಳೆಮಾಪಕದ ಮೇಲೆ ಬಿದ್ದ ಮಳೆ ನನ್ನ ಹೊಲದ ಮೇಲೆ ಬಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. "ಪಕ್ಕದ ಊರಿಗೆ ಬಂತು, ನಮಗ ಬರಲಿಲ್ಲ" ಎಂಬ ಕಟ್ಟೆಯ ಮಾತಿನ ಹಿಂದೆ ಈ ವರ್ಗಮೂಲವೂ ಇದೆ.

ಪಾಠ ಯಾವ ಕಡೆಯಿಂದ?

ನಮ್ಮ ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ದ್ವಿಪದ, ಪ್ರಸಾಮಾನ್ಯ ಎರಡೂ ಇವೆ. ಹೇಗೆ ಕಲಿಸಬೇಕೆಂಬುದರಲ್ಲಿ ಮೂರು ದಾರಿ. ಸೂತ್ರ ಮೊದಲು ಎನ್ನುವವರು ಪರೀಕ್ಷೆಯ ಮೂರು ತಾಸಿನಲ್ಲಿ ಉತ್ತರ ಹೊರಡಬೇಕಲ್ಲ ಎನ್ನುತ್ತಾರೆ; ಬಡ ಮನೆಯ ಹುಡುಗಿಗೆ ಅಂಕ ಬೇಕೇ ಬೇಕು, ಈ ಮಾತನ್ನು ಹಗುರ ಮಾಡಬಾರದು. ಅಂಕಿ ಮೊದಲು ಎನ್ನುವವರು ಕಾಳು ಮೊಳೆಸಿ, ಮಳೆ ದಾಖಲೆ ತಂದು, ಚಿತ್ರ ಬಿಡಿಸಿ ಆಮೇಲೆ ಸೂತ್ರಕ್ಕೆ ಬನ್ನಿ ಎನ್ನುತ್ತಾರೆ. ಇದು ಆಳಕ್ಕೆ ಇಳಿಯುತ್ತದೆ, ಹೊತ್ತು ಬೇಡುತ್ತದೆ. ನಡುವಿನ ದಾರಿ ಷರತ್ತು ಮೊದಲು ಎನ್ನುವುದು. ನಾನು ಈ ಕಡೆಯವನು. ಪ್ರತಿ ಲೆಕ್ಕದಲ್ಲೂ ಆ ನಾಲ್ಕು ಪ್ರಶ್ನೆ ಬರೆದು ಉತ್ತರಿಸಿದ ಮೇಲೆಯೇ ಸೂತ್ರ. ಬೀಜಕ್ಕೆ ಹೌದು, ಮಳೆಗೆ ಅರ್ಧ ಹೌದು, ತಾಲ್ಲೂಕುಗಳಿಗೆ ಇಲ್ಲ ಎಂದು ಗುರುತಿಸಬಲ್ಲ ವಿದ್ಯಾರ್ಥಿಗೆ ಕೋಷ್ಟಕ ನೋಡುವುದು ಒಂದು ದಿನದ ಕೆಲಸ. ಕೋಷ್ಟಕ ಮಾತ್ರ ಬಲ್ಲವನಿಗೆ ಈ ಗುರುತು ತಾನಾಗಿ ಬರುವುದಿಲ್ಲ.

ಇನ್ನೂ ತೀರ್ಮಾನವಾಗದವು

ಮೊದಲನೆಯದು, ಸಂಭವ ಸ್ಥಿರವೇ? ದ್ವಿಪದಕ್ಕೆ ಎಲ್ಲ ಯತ್ನಗಳಲ್ಲೂ ಒಂದೇ ಸಂಭವ ಬೇಕು. ಹವಾಮಾನವೇ ಬದಲಾಗುತ್ತಿರುವಾಗ ಮೂವತ್ತು ವರ್ಷದ ದಾಖಲೆ ಮುಂದಿನ ಹತ್ತು ವರ್ಷಕ್ಕೆ ಎಷ್ಟು ಸಾಕ್ಷಿ? ಹಳೆಯ ವರ್ಷ ಬಿಟ್ಟರೆ ಕಾಳು ಕಡಿಮೆಯಾಗುತ್ತವೆ. ಇಟ್ಟುಕೊಂಡರೆ ಚೀಲವೇ ಬೇರೆಯಾಗಿರಬಹುದು. ಎರಡನೆಯದು, ಒಟ್ಟಿಗೆ ಬರುವ ಬರಕ್ಕೆ ಯಾವ ವಿತರಣೆ ಹಿಡಿಯಬೇಕು, ಅದರ ಹೊರೆ ರೈತ, ಸರ್ಕಾರ, ವಿಮಾದಾರರ ನಡುವೆ ಹೇಗೆ ಹಂಚಬೇಕು? ಮೂರನೆಯದು, "ನಾಳೆ ಮಳೆ 70%" ಎಂಬ ಮಾತು ಐದು ಎಕರೆಯ ಒಬ್ಬನಿಗೆ ಏನು ಮಾಡು ಎನ್ನುತ್ತದೆ? ತಪ್ಪಿದರೆ ಮತ್ತೆ ಬೀಜ ತರಲು ದುಡ್ಡಿದ್ದವನಿಗೂ ಇಲ್ಲದವನಿಗೂ ಆ ಒಂದೇ ಅಂಕಿ ಒಂದೇ ಸಲಹೆಯಾಗಲಾರದು. ನಾಲ್ಕನೆಯದು, ಪಂಚಾಯ್ತಿಗೆ ಎಷ್ಟು ಕಟಾವು ಸಾಕು ಎಂಬುದನ್ನು ಖರ್ಚು ತೀರ್ಮಾನಿಸಬೇಕೋ, ತಪ್ಪಿದ ನ್ಯಾಯದ ಪ್ರಮಾಣ ತೀರ್ಮಾನಿಸಬೇಕೋ?

ಬೀಜದ ಪ್ರಶ್ನೆಗೆ ಇನ್ನಷ್ಟು ಕಾಳು ಹಾಕಿ ಉತ್ತರ ಪಡೆಯಬಹುದು. ಮಳೆಗೆ ಆ ಅನುಕೂಲವಿಲ್ಲ. ವರ್ಷಕ್ಕೆ ಒಂದೇ ಕಾಳು ಸಿಗುತ್ತದೆ, ಅದೂ ಬದಲಾಗುತ್ತಿರುವ ಚೀಲದಿಂದ.